ನಿಮ್ಮ ಆಫೀಸಿನ ‘ಅಡ್ಮಿನ್’ ಯಾರು? ಕೇಳೋಕೆ ಒಂದು ಸಾಲು ಸಾಕು. ಸರ್ಕಾರದ್ದು?

ಒಂದು ಕಚೇರಿಯಲ್ಲಿ ನಿಜವಾದ ಅಧಿಕಾರ ಯಾರ ಕೈಯಲ್ಲಿದೆ ಅಂತ ಬಾಗಿಲ ಮೇಲಿನ ಬೋರ್ಡ್ ನೋಡಿದರೆ ಗೊತ್ತಾಗಲ್ಲ. ಎಂಡಿ ಹೆಸರು ಹಿತ್ತಾಳೆ ಅಕ್ಷರದಲ್ಲಿರುತ್ತೆ. ಆದರೆ ಆ ಎಂಡಿಯ ಪಾಸ್‌ವರ್ಡ್ ಬದಲಿಸಬಲ್ಲವರು, ಅವರ ಫೈಲ್ ತೆರೆಯಬಲ್ಲವರು, ಒಬ್ಬ ನೌಕರನ ಲಾಗಿನ್ ಅನ್ನು ಮಧ್ಯಾಹ್ನ ಮೂರು ಗಂಟೆಗೆ ಸದ್ದಿಲ್ಲದೆ ಬಂದ್ ಮಾಡಬಲ್ಲವರು ಬೇರೆ ಯಾರೋ. ಕಂಪ್ಯೂಟರ್ ಜಾಲದಲ್ಲಿ ಅವರ ಹೆಸರೆಲ್ಲ ಒಂದು ಪಟ್ಟಿಯಲ್ಲಿ ಬರೆದಿರುತ್ತೆ. ಆ ಪಟ್ಟಿ ಗುಟ್ಟಿನದಲ್ಲ. ಬಹುತೇಕ ಕಡೆ ಹೊಸದಾಗಿ ಸೇರಿದ ಟ್ರೈನಿಯೂ ಅದನ್ನು ಓದಬಹುದು.

ಹನುಮಂತನಗರದಲ್ಲಿ ನಾನು ಶನಿವಾರ ಸಂಜೆ ನಾಲ್ಕೈದು ಹುಡುಗ ಹುಡುಗಿಯರಿಗೆ ನೆಟ್‌ವರ್ಕಿಂಗ್ ಹೇಳಿಕೊಡ್ತೀನಿ. ಡಿಗ್ರಿ ಮುಗಿಸಿ ಐಟಿ ಸಪೋರ್ಟ್ ಕೆಲಸಕ್ಕೆ ಹೊರಟವರು, ಜೊತೆಗೆ ರಾಜಕೀಯದ ಬಗ್ಗೆ ಜೋರು ಮಾತಾಡೋರು. ಈ ಪಾಠ ಬಂದಾಗ ಮಾತ್ರ ಎಲ್ಲರ ಮುಖ ಬದಲಾಗುತ್ತೆ. ‘ಇಷ್ಟು ಸುಲಭವಾ? ಎಲ್ಲರಿಗೂ ಕಾಣಿಸುತ್ತಾ?’ ಹೌದು, ಕಾಣಿಸುತ್ತೆ.

ಮೊದಲು ಡೊಮೇನ್ ಅಂದ್ರೆ ಏನು ಅಂತ ನೋಡೋಣ. ನೂರು ಕಂಪ್ಯೂಟರ್ ಇರೋ ಕಚೇರಿಯಲ್ಲಿ ನೂರರಲ್ಲೂ ಬೇರೆ ಬೇರೆ ಹೆಸರು, ಪಾಸ್‌ವರ್ಡ್ ಇಟ್ಟರೆ ನಡೆಯಲ್ಲ. ಅದಕ್ಕೆ ಒಂದು ಕೇಂದ್ರ ದಫ್ತರ. ಯಾರು ನಮ್ಮವರು, ಯಾರು ಯಾವ ಗುಂಪಿನವರು ಅನ್ನೋದೆಲ್ಲ ಅಲ್ಲಿ. ಈ ದಫ್ತರ ಇಟ್ಟುಕೊಂಡಿರೋ ಸರ್ವರ್‌ಗೆ ಡೊಮೇನ್ ಕಂಟ್ರೋಲರ್ ಅಂತಾರೆ. ಮೈಕ್ರೋಸಾಫ್ಟ್ ವಿಂಡೋಸ್ 2000ದ ಜೊತೆ ತಂದ ಆ್ಯಕ್ಟಿವ್ ಡೈರೆಕ್ಟರಿ ಇವತ್ತಿಗೂ ಕಾರ್ಖಾನೆ, ಬ್ಯಾಂಕು, ಐಟಿ ಕಂಪನಿಗಳಲ್ಲಿ ಇದೇ ಕೆಲಸ ಮಾಡ್ತಿದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಹಕ್ಕನ್ನು ಸಾಮಾನ್ಯವಾಗಿ ವ್ಯಕ್ತಿಗೆ ಕೊಡಲ್ಲ, ಗ್ರೂಪ್‌ಗೆ ಕೊಡ್ತಾರೆ. ಸಂಬಳದ ಫೋಲ್ಡರ್ ‘ಪೇರೋಲ್’ ಗ್ರೂಪ್‌ಗೆ ತೆರೆದಿರುತ್ತೆ. ನಿಮ್ಮನ್ನು ಆ ಗ್ರೂಪ್‌ಗೆ ಹಾಕಿದರೆ ನಿಮಗೂ ತೆರೆಯಿತು. ತೆಗೆಯೋದು ಮರೆತರೆ ನೀವು ಬೇರೆ ವಿಭಾಗಕ್ಕೆ ಹೋದಮೇಲೂ ತೆರೆದೇ ಇರುತ್ತೆ.

ಈಗ ಕಮಾಂಡ್. ನಾನು ಕನ್ನಡದಲ್ಲಿ ಉಚ್ಚಾರಣೆಯಂತೆ ಬರೀತಿದೀನಿ, ಟೈಪ್ ಮಾಡೋದು ಇಂಗ್ಲಿಷ್ ಅಕ್ಷರದಲ್ಲೇ. ಸ್ಟಾರ್ಟ್ ಮೆನುವಿನಲ್ಲಿ ‘ಸಿಎಂಡಿ’ ಅಂತ ಹುಡುಕಿ ಕಪ್ಪು ಕಿಟಕಿ ತೆರೆಯಿರಿ. ‘ನೆಟ್ ಯೂಸರ್ /ಡೊಮೇನ್’ ಅಂದರೆ ಡೊಮೇನ್‌ನಲ್ಲಿರುವ ಎಲ್ಲ ಬಳಕೆದಾರರ ಹೆಸರು ಸಾಲುಸಾಲಾಗಿ ಬರುತ್ತೆ. ‘ನೆಟ್ ಗ್ರೂಪ್ /ಡೊಮೇನ್’ ಅಂದರೆ ಗ್ರೂಪ್‌ಗಳ ಪಟ್ಟಿ. ಕೊನೆಯ ‘/ಡೊಮೇನ್’ ಮರೆತರೆ ಮೊದಲನೆಯದು ನಿಮ್ಮ ಒಂದು ಯಂತ್ರದ ಖಾತೆಗಳನ್ನಷ್ಟೇ ತೋರಿಸುತ್ತೆ. ಎರಡನೆಯದು ‘ಇದು ಡೊಮೇನ್ ಕಂಟ್ರೋಲರ್ ಮೇಲೆ ಮಾತ್ರ ನಡೆಯೋದು’ ಅಂತ ಗದರುತ್ತೆ. 1355 ಸಂಖ್ಯೆಯ ಎರರ್ ಬಂದರೆ ನಿಮ್ಮ ಯಂತ್ರಕ್ಕೆ ಡೊಮೇನ್ ಸಿಗ್ತಿಲ್ಲ ಅಂತ ಅರ್ಥ. ಎಲ್ಲವನ್ನೂ ಕ್ಲೌಡ್‌ನಲ್ಲಿ ಇಟ್ಟಿರೋ ಸ್ಟಾರ್ಟಪ್‌ಗಳಲ್ಲಿ ಹೀಗಾಗೋದು ಮಾಮೂಲು. ಅಲ್ಲಿ ಕೇಳೋ ವಿಧಾನವೇ ಬೇರೆ.

ರುಚಿ ಇರೋದು ಮುಂದಿನ ಹೆಜ್ಜೆಯಲ್ಲಿ. ‘ನೆಟ್ ಗ್ರೂಪ್’ ಆದಮೇಲೆ ಉದ್ಧರಣ ಚಿಹ್ನೆಯೊಳಗೆ ‘ಡೊಮೇನ್ ಅಡ್ಮಿನ್ಸ್’ ಅಂತ ಬರೆದು, ಕೊನೆಗೆ ‘/ಡೊಮೇನ್’ ಹಾಕಿ. ಆ ಜಾಲದ ಮಹಾರಾಜರ ಹೆಸರು ಬರುತ್ತೆ. ಡೊಮೇನ್‌ಗೆ ಯಂತ್ರ ಸೇರಿದ ಕೂಡಲೇ ಈ ಗ್ರೂಪ್ ತಾನಾಗಿ ಆ ಯಂತ್ರದ ಅಡ್ಮಿನಿಸ್ಟ್ರೇಟರ್ ಪಟ್ಟಿಗೂ ಸೇರಿಕೊಳ್ಳುತ್ತೆ. ಅಂದ್ರೆ ಇದರಲ್ಲಿ ಇರೋ ಪ್ರತಿಯೊಬ್ಬರಿಗೂ, ಬೇರೆ ತಡೆ ಹಾಕದಿದ್ದರೆ, ಪ್ರತಿಯೊಂದು ಕಂಪ್ಯೂಟರಿನ ಕೀಲಿ ಸಿಕ್ಕಂತೆ. ಇಲ್ಲಿ ಎರಡು ಮೂರು ಹೆಸರಿದ್ದರೆ ಶಿಸ್ತಿನ ಕಚೇರಿ. ಮೂವತ್ತಿದ್ದರೆ, ಅದರಲ್ಲಿ ಪ್ರಿಂಟರ್, ಬ್ಯಾಕಪ್, ಟೆಸ್ಟ್ ಅನ್ನೋ ಹೆಸರಿನವೂ ಇದ್ದರೆ, ಅಲ್ಲಿ ಯಾರು ಏನು ಮಾಡಿದರು ಅಂತ ನಾಳೆ ಯಾರೂ ಹೇಳಲಾರರು.

ಒಬ್ಬರ ವಿವರ ಬೇಕೆಂದರೆ ‘ನೆಟ್ ಯೂಸರ್’, ಆ ಖಾತೆಯ ಹೆಸರು, ‘/ಡೊಮೇನ್’. ಖಾತೆ ಚಾಲ್ತಿಯಲ್ಲಿದೆಯಾ, ಪಾಸ್‌ವರ್ಡ್ ಯಾವಾಗ ಬದಲಿಸಿದ್ದು, ಅದರ ಅವಧಿ ಎಂದು ಮುಗಿಯುತ್ತೆ, ಯಾವ ಗ್ರೂಪ್‌ಗಳಲ್ಲಿ ಇದ್ದಾರೆ ಎಲ್ಲ ಬರುತ್ತೆ. ಅವಧಿಯ ಎದುರು ‘ನೆವರ್’ ಅಂತ ಕಂಡರೆ ಅಲ್ಲಿ ನಿಂತು ಯೋಚಿಸಿ. ಕೆಲಸ ಬಿಟ್ಟು ಹೋದವರ ಖಾತೆ ಇನ್ನೂ ಚಾಲ್ತಿಯಲ್ಲಿದ್ದರೆ ಇನ್ನೂ ಹೆಚ್ಚು ಯೋಚಿಸಿ.

ಆದರೆ ಈ ಹಳೆಯ ಕಮಾಂಡ್ ಸುಳ್ಳು ಹೇಳದೆಯೂ ದಾರಿ ತಪ್ಪಿಸುತ್ತೆ. ಗ್ರೂಪಿನೊಳಗೆ ಇನ್ನೊಂದು ಗ್ರೂಪ್ ಸೇರಿಸಿದ್ದರೆ ‘ನೆಟ್ ಗ್ರೂಪ್’ ಆ ಒಳಗಿನದನ್ನು ತೋರಿಸೋದೇ ಇಲ್ಲ. ಪರದೆ ಮೇಲೆ ಇಬ್ಬರೇ ಅಡ್ಮಿನ್ ಕಾಣ್ತಾರೆ, ಒಳಗುಂಪಿನ ಹಿಂಬಾಗಿಲಿಂದ ಬಂದ ನಲವತ್ತು ಜನ ಕಾಣಲ್ಲ. ಪಕ್ಷ ರಾಜಕೀಯ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ! ಉದ್ದ ಹೆಸರಿನ ಗ್ರೂಪ್‌ಗಳನ್ನು ಬಳಕೆದಾರರ ವಿವರದಲ್ಲಿ ಅರ್ಧಕ್ಕೆ ಕತ್ತರಿಸಿಯೂ ಬಿಡುತ್ತೆ. ‘ಕೊನೆಯ ಲಾಗಿನ್’ ಸಮಯವನ್ನೂ ಪೂರ್ತಿ ನಂಬಬೇಡಿ. ಅದು ಉತ್ತರ ಕೊಟ್ಟ ಒಂದು ಕಂಟ್ರೋಲರ್‌ಗೆ ಗೊತ್ತಿರುವ ಸಮಯ, ಪಕ್ಕದ ಕಂಟ್ರೋಲರ್ ಬೇರೆ ಹೇಳಬಹುದು. ಒಳಗುಂಪುಗಳನ್ನು ಬಿಚ್ಚಿ ನೋಡೋಕೆ ಪವರ್‌ಶೆಲ್‌ನಲ್ಲಿ ‘ಗೆಟ್-ಎಡಿಗ್ರೂಪ್‌ಮೆಂಬರ್’ ಇದೆ, ಜೊತೆಗೆ ‘-ರಿಕರ್ಸಿವ್’ ಸೇರಿಸಬೇಕು. ನಿಮ್ಮದೇ ಖಾತೆಯ ಪೂರ್ಣ ಜಾತಕ ಬೇಕೆಂದರೆ ‘ಹೂ-ಆ್ಯಮ್-ಐ /ಗ್ರೂಪ್ಸ್’ ಸಾಕು, ಅದು ಒಳಗಿನವನ್ನೂ ಸೇರಿಸಿ ಹೇಳುತ್ತೆ.

ಇದು ಎಲ್ಲರಿಗೂ ಯಾಕೆ ತೆರೆದಿದೆ? ದಫ್ತರ ಇರೋದೇ ಹುಡುಕೋಕೆ. ಇಮೇಲ್ ವಿಳಾಸ ಸಿಗಬೇಕು, ಫೈಲ್ ಹಂಚಿಕೊಳ್ಳೋವಾಗ ಹೆಸರು ಸಿಗಬೇಕು. ಹಾಗಾಗಿ ಲಾಗಿನ್ ಆದ ಯಾರೇ ಆದರೂ ಓದಬಹುದು ಅನ್ನೋದು ಮೂಲ ಏರ್ಪಾಟು. ಇದರ ಬೆಲೆಯೂ ಇದೆ. 2021ರ ಆಗಸ್ಟ್‌ನಲ್ಲಿ ಕಾಂಟಿ ಅನ್ನೋ ರ‍್ಯಾನ್ಸಮ್‌ವೇರ್ ಗ್ಯಾಂಗಿನ ಒಳಗಿನ ಕೈಪಿಡಿ ಬಹಿರಂಗವಾಯ್ತು. ಜಾಲದೊಳಗೆ ಕಾಲಿಟ್ಟ ಮೇಲೆ ಮಾಡಬೇಕಾದ ಕೆಲಸಗಳಲ್ಲಿ ಇದೇ ಡೊಮೇನ್ ಅಡ್ಮಿನ್‌ಗಳ ಪಟ್ಟಿ ಕೇಳೋ ಸಾಲೂ ಇತ್ತು. ಒಬ್ಬ ಸಾಮಾನ್ಯ ಗುಮಾಸ್ತನ ಪಾಸ್‌ವರ್ಡ್ ಕದ್ದವನಿಗೆ ಮುಂದೆ ಯಾರನ್ನು ಹಿಡಿಯಬೇಕು ಅಂತ ಜಾಲವೇ ಹೇಳಿಕೊಡುತ್ತೆ. ಪಟ್ಟಿ ಮುಚ್ಚಿದರೆ ಇದು ಸರಿಹೋಗುತ್ತೆ ಅಂತ ನನಗನಿಸಲ್ಲ. ಪಟ್ಟಿಯಲ್ಲಿ ಇರಬಾರದವರನ್ನು ತೆಗೆಯೋದು ಮೊದಲ ಕೆಲಸ.

ಒಂದು ಎಚ್ಚರಿಕೆ. ಇವತ್ತಿನ ಭದ್ರತಾ ಸಾಫ್ಟ್‌ವೇರ್‌ಗಳು ಈ ಕಮಾಂಡ್‌ಗಳನ್ನು ಗಮನಿಸಿ ಅಲಾರಂ ಹೊಡೆಯಬಹುದು. ಕುತೂಹಲಕ್ಕೆ ಆಫೀಸಿನಲ್ಲಿ ಓಡಿಸಿ ಎಚ್‌ಆರ್ ಮುಂದೆ ಕೂರಬೇಡಿ, ಐಟಿ ವಿಭಾಗವನ್ನು ಕೇಳಿ ಮಾಡಿ. ಬೇರೆಯವರ ಜಾಲದಲ್ಲಿ ಅನುಮತಿಯಿಲ್ಲದೆ ಕೈ ಹಾಕಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಇದೆ. ಕಲಿಯೋಕೆ ವಿಂಡೋಸ್ ಸರ್ವರ್‌ನ 180 ದಿನದ ಉಚಿತ ಆವೃತ್ತಿ ಸಾಕು. ಮುಕ್ತ ತಂತ್ರಾಂಶ ಬೇಕೆಂದರೆ ಸಾಂಬಾ ಇದೆ, 2012ರ ಕೊನೆಯಿಂದ ಅದೂ ಡೊಮೇನ್ ಕಂಟ್ರೋಲರ್ ಆಗಬಲ್ಲದು.

ಇದನ್ನೆಲ್ಲ ರಾಜಕೀಯ ಓದೋ ನಿಮಗೆ ಯಾಕೆ ಹೇಳ್ತಿದೀನಿ? 2022ರ ಚಿಲುಮೆ ಪ್ರಕರಣ ನೆನಪಿಸಿಕೊಳ್ಳಿ. ಆ ವರ್ಷದ ಆಗಸ್ಟ್‌ನಲ್ಲಿ ಆಗಿನ ಬಿಬಿಎಂಪಿ ಚಿಲುಮೆ ಅನ್ನೋ ಖಾಸಗಿ ಸಂಸ್ಥೆಗೆ ನಗರದ 28 ಕ್ಷೇತ್ರಗಳಲ್ಲಿ ಮತದಾರರ ಜಾಗೃತಿ ಮಾಡೋಕೆ ಅನುಮತಿ ಕೊಟ್ಟಿತು. 28 ಅಂದ್ರೆ ಹನುಮಂತನಗರ ಇರೋ ಬಸವನಗುಡಿಯೂ ಸೇರಿತು. ಸಂಸ್ಥೆಯ ಕೆಲಸಗಾರರು ಬೂತ್ ಮಟ್ಟದ ಅಧಿಕಾರಿಗಳು ಅನ್ನೋ ಗುರುತಿನ ಚೀಟಿ ಹಾಕಿಕೊಂಡು ಮನೆ ಮನೆಯಲ್ಲಿ ಮಾಹಿತಿ ಸಂಗ್ರಹಿಸಿದರು ಅಂತ ನವೆಂಬರ್‌ನಲ್ಲಿ ವರದಿಯಾಯ್ತು. ಅನುಮತಿ ರದ್ದಾಯ್ತು, ಬಂಧನಗಳಾದವು, ಇಬ್ಬರು ಐಎಎಸ್ ಅಧಿಕಾರಿಗಳನ್ನು ಚುನಾವಣಾ ಆಯೋಗ ಅಮಾನತು ಮಾಡಿಸಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದ ಪಟ್ಟಿಗಳನ್ನು ಮತ್ತೆ ಪರಿಶೀಲಿಸೋಕೆ ಹೇಳಿತು. ಡೊಮೇನ್ ಭಾಷೆಯಲ್ಲಿ ಹೇಳೋದಾದರೆ ಇಲ್ಲಿ ಯಾರೂ ಪಾಸ್‌ವರ್ಡ್ ಒಡೆಯಬೇಕಿರಲಿಲ್ಲ. ಹೊರಗಿನವರು ‘ಅಧಿಕಾರಿ’ ಅನ್ನೋ ಗ್ರೂಪಿನವರಂತೆ ಬಾಗಿಲು ತಟ್ಟಿದರು, ಜನ ಆ ಚೀಟಿ ನಂಬಿ ಹೇಳಿದರು. ಆ ಗ್ರೂಪಿನಲ್ಲಿ ಯಾರಿದ್ದಾರೆ ಅಂತ ಬಾಗಿಲಲ್ಲಿ ನಿಂತ ಅಜ್ಜಿಗೆ ಕೇಳಿ ತಿಳಿಯೋ ದಾರಿ ಇರಲಿಲ್ಲ.

ಕಾನೂನಿನಲ್ಲಿ ಆ ದಾರಿ ಇದೆ ಅನ್ನೋದು ವಿಚಿತ್ರ. ಆ್ಯಕ್ಟಿವ್ ಡೈರೆಕ್ಟರಿ ಬಂದ 2000ದಲ್ಲೇ ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು, ಕೇಂದ್ರಕ್ಕಿಂತ ಐದು ವರ್ಷ ಮೊದಲು. 2005ರ ಕೇಂದ್ರ ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರ ತನ್ನ ಅಧಿಕಾರಿಗಳ, ನೌಕರರ ಡೈರೆಕ್ಟರಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಅವರ ಅಧಿಕಾರ, ಕರ್ತವ್ಯಗಳನ್ನೂ ಹೇಳಬೇಕು. ಮೊದಲನೆಯದು ‘ನೆಟ್ ಯೂಸರ್’, ಎರಡನೆಯದು ‘ನೆಟ್ ಗ್ರೂಪ್’! ಆದರೆ ಈ ಪಟ್ಟಿಗಳು ಹುದ್ದೆಗಳನ್ನು ಹೇಳುತ್ತವೆ, ಲಾಗಿನ್‌ಗಳನ್ನಲ್ಲ. ಪಹಣಿ, ಖಾತಾ, ಪಿಂಚಣಿ ಎಲ್ಲವೂ ತಂತ್ರಾಂಶಕ್ಕೆ ಹೋದಮೇಲೆ ಅಧಿಕಾರ ಇರೋದು ಲಾಗಿನ್‌ನಲ್ಲಿ. ‘ಭೂಮಿ’ ಯೋಜನೆ ಮಾಡಿದವರಿಗೆ ಇದು ಆಗಲೇ ಗೊತ್ತಿತ್ತು. ಪಹಣಿ ಬದಲಿಸೋ ಅಧಿಕಾರಿಗಳಿಗೆ ಬೆರಳಚ್ಚಿನ ಲಾಗಿನ್ ಇಟ್ಟರು, ನಾಳೆ ‘ನಾನಲ್ಲ’ ಅನ್ನಬಾರದು ಅಂತ.

ಈಗ ಕೇಳೋದು ಸ್ವಲ್ಪ ಕಷ್ಟವಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3) ಕಲಂ ಮಾಹಿತಿ ಹಕ್ಕಿನ 8(1)(ಜೆ)ಯನ್ನು ತಿದ್ದಿತು. ವೈಯಕ್ತಿಕ ಮಾಹಿತಿ ಅಂದುಬಿಟ್ಟರೆ ನಿರಾಕರಿಸೋದು ಸುಲಭವಾಯ್ತು. 8(2)ರ ಸಾರ್ವಜನಿಕ ಹಿತದ ಕಿಟಕಿ ಉಳಿದಿದೆ, ಅದಕ್ಕೆ ಜಗಳ ಆಡಬೇಕು. ಹಾಗಾಗಿ ನಾನು ಹುಡುಗರಿಗೆ ಹೇಳೋದು, ಹೆಸರು ಕೇಳಬೇಡಿ, ಸಂಖ್ಯೆ ಕೇಳಿ. ಈ ತಂತ್ರಾಂಶದಲ್ಲಿ ಚಾಲ್ತಿಯಲ್ಲಿರೋ ಬಳಕೆದಾರ ಖಾತೆಗಳೆಷ್ಟು? ಅದರಲ್ಲಿ ಖಾಯಂ ನೌಕರರದ್ದೆಷ್ಟು, ಹೊರಗುತ್ತಿಗೆಯವರದ್ದೆಷ್ಟು? ದಾಖಲೆ ಬದಲಿಸೋ ಹಕ್ಕು ಎಷ್ಟು ಖಾತೆಗಳಿಗಿದೆ? ಕಳೆದ ವರ್ಷ ವರ್ಗಾವಣೆ, ನಿವೃತ್ತಿ ಆದವರ ಎಷ್ಟು ಖಾತೆಗಳನ್ನು ನಿಷ್ಕ್ರಿಯಗೊಳಿಸಿದ್ದೀರಿ? ಒಂದೇ ಖಾತೆಯನ್ನು ಹಲವರು ಬಳಸೋದನ್ನು ತಡೆಯೋ ಆದೇಶದ ಪ್ರತಿ ಕೊಡಿ. ಇದರಲ್ಲಿ ಯಾರ ವೈಯಕ್ತಿಕ ಮಾಹಿತಿಯೂ ಇಲ್ಲ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಇಷ್ಟನ್ನೂ ಬರೆದು ಮುಗಿಸಿದಮೇಲೂ ನಿಮ್ಮ ವಿಳಾಸಕ್ಕೆ ಜಾಗ ಉಳಿಯುತ್ತೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.