ಗಂಗವಾಡಿಯಿಂದ ಗಂಗಡಿಕಾರ: ಒಂದು ಜನನಾಮದ ಮೂಲವಿಚಾರ

ಸೋಸಲೆ ಎಂದೊಡನೆ ವಿದ್ವಾಂಸರಿಗೆ ನೆನಪಾಗುವುದು ವ್ಯಾಸರಾಜ ಮಠ. ಆದರೆ ಸೋಸಲೆಯನ್ನೊಳಗೊಂಡ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿಯೇ ಗಂಗರ ರಾಜಧಾನಿ ತಲಕಾಡೂ ಇದೆ. ಹಳೆಯ ಮೈಸೂರು ಸೀಮೆಯ ಒಕ್ಕಲಿಗರಲ್ಲಿ ದೊಡ್ಡ ಪಂಗಡವೆನಿಸಿದ ಗಂಗಡಿಕಾರರ ಹೆಸರಿನ ಚರ್ಚೆ ಇಲ್ಲಿಂದಲೇ ಆರಂಭವಾಗಬೇಕು.

ಗಂಗಡಿಕಾರ ಎಂಬುದು ಗಂಗವಾಡಿಕಾರ ಎಂಬುದರ ಸವೆದ ರೂಪವೆಂದು ಬಿ.ಎಲ್. ರೈಸ್ ಗುರುತಿಸಿದರು. ಶಾಸನಗಳು ಹೇಳುವ ಗಂಗವಾಡಿ ತೊಂಬತ್ತಾರುಸಾಸಿರದ ನಿವಾಸಿ ಎಂಬುದೇ ಇದರ ಅರ್ಥ. ಈ ನಿಷ್ಪತ್ತಿಯನ್ನು ಆಧಾರವಾಗಿಟ್ಟುಕೊಂಡು ಗಂಗಡಿಕಾರರೆಲ್ಲರೂ ಗಂಗ ಅರಸರ ವಂಶಸ್ಥರೆಂದು ವಾದಿಸುವುದುಂಟು. ಪದವು ಅಷ್ಟು ದೂರ ಹೋಗಲು ಬಿಡುವುದಿಲ್ಲ. ಅದು ನಾಡನ್ನು ಸೂಚಿಸುತ್ತದೆಯೇ ಹೊರತು ರಕ್ತಸಂಬಂಧವನ್ನಲ್ಲ. ಮೊರಸುನಾಡಿನವರು ಮೊರಸು ಒಕ್ಕಲಿಗರಾದಂತೆಯೇ ಇದು. ಹೊಲೆಯ ಸಮುದಾಯದ ಒಳಪಂಗಡವೊಂದಕ್ಕೂ ಗಂಗಡಿಕಾರ ಎಂಬ ಹೆಸರಿದ್ದುದನ್ನು ಮೈಸೂರು ಸಂಸ್ಥಾನದ ಜಾತಿವಿವರಣೆಗಳು ದಾಖಲಿಸಿವೆ. ವಂಶಾಭಿಮಾನದ ಬರಹಗಳು ಈ ಸಂಗತಿಯನ್ನು ಸಾಮಾನ್ಯವಾಗಿ ಮೌನದಿಂದ ದಾಟುತ್ತವೆ. ಒಂದೇ ನಾಡಿನ ಉಳುವವರೂ ದುಡಿಯುವವರೂ ಹಂಚಿಕೊಂಡಿದ್ದ ಹೆಸರು ಇದು ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಇನ್ನು ಅರಸರ ಮೂಲವಾದರೂ ನಿರ್ವಿವಾದವೇ? ಆರಂಭದ ತಾಮ್ರಪಟಗಳು ಕೊಂಗುಣಿವರ್ಮನನ್ನು ಜಾಹ್ನವೇಯ ಕುಲದವನು, ಕಾಣ್ವಾಯನ ಗೋತ್ರದವನು ಎಂದು ಕರೆದು, ಒಂದೇ ಖಡ್ಗಪ್ರಹಾರದಿಂದ ಶಿಲಾಸ್ತಂಭವನ್ನು ತುಂಡರಿಸಿದನೆನ್ನುತ್ತವೆ. ವಿಸ್ತಾರವಾದ ಕಥೆ ದೊರೆಯುವುದು ಬಹಳ ತಡವಾಗಿ, ಶಿವಮೊಗ್ಗ ತಾಲ್ಲೂಕಿನ ಕಲ್ಲೂರುಗುಡ್ಡದ 1121ರ ಶಾಸನದಲ್ಲಿ. ಇಕ್ಷ್ವಾಕು ವಂಶದ ದಡಿಗ, ಮಾಧವ ಎಂಬ ಸೋದರರು ಪೇರೂರಿಗೆ ಬಂದು ಸಿಂಹನಂದಿ ಆಚಾರ್ಯರ ಅನುಗ್ರಹದಿಂದ ರಾಜ್ಯ ಪಡೆದರೆಂಬುದು ಅದರ ಸಾರ. ರಾಜ್ಯ ಸ್ಥಾಪನೆಗೂ ಈ ಬರಹಕ್ಕೂ ನಡುವೆ ಏಳು ಶತಮಾನಗಳಿಗೂ ಮಿಕ್ಕ ಅಂತರವಿದೆ.

ಸೋದರರಿಬ್ಬರು ಹೊರಗಿನಿಂದ ಬಂದು ನಾಡು ಕಟ್ಟುವ ಆಶಯ ಕನ್ನಡನಾಡಿಗಷ್ಟೇ ಸೀಮಿತವಲ್ಲ. ಆಂಗ್ಲೋ-ಸ್ಯಾಕ್ಸನರ ಮೂಲವನ್ನು ಹೇಳುವ ಬೀಡ್ ಎಂಬ ಕ್ರೈಸ್ತ ಸಂನ್ಯಾಸಿಯೂ 731ರಲ್ಲಿ ಮುಗಿಸಿದ ಚರಿತ್ರೆಯಲ್ಲಿ ಹೆಂಗಿಸ್ಟ್, ಹೋರ್ಸಾ ಎಂಬ ಸೋದರರನ್ನೇ ಮೊದಲ ನಾಯಕರೆಂದು ಹೆಸರಿಸುತ್ತಾನೆ. ಆದರೆ ಅಲ್ಲಿ ಕಥೆಯ ಹಿಂದೆ ನಿಜವಾದ ಜನವಲಸೆಯೂ ಇತ್ತು. 2022ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ಪೂರ್ವ ಇಂಗ್ಲೆಂಡಿನ ಅಂದಿನ ಜನರ ವಂಶಾಂಶದಲ್ಲಿ ಸುಮಾರು ಮುಕ್ಕಾಲು ಭಾಗ ಉತ್ತರ ಸಮುದ್ರದಾಚೆಯದೆಂದು ತೋರಿಸಿದೆ. ಅಲ್ಲಿ ಜನರಿಂದ ನಾಡಿಗೆ ಹೆಸರು ಬಂದಿತು. ಇಲ್ಲಿ ಅರಸುಮನೆತನದಿಂದ ನಾಡಿಗೆ, ನಾಡಿನಿಂದ ಜನಕ್ಕೆ. ಕಲ್ಲೂರುಗುಡ್ಡದ ಶಾಸನ ಹೇಳುವುದು ಅರಸುಮನೆತನದ ಆಗಮನವನ್ನೇ ಹೊರತು ಒಕ್ಕಲುಮಕ್ಕಳ ವಲಸೆಯನ್ನಲ್ಲ. ನರಸೀಪುರದಲ್ಲಿ ಎಂ. ಶೇಷಾದ್ರಿಯವರು ನಡೆಸಿದ ಉತ್ಖನನದಿಂದ ನವಶಿಲಾಯುಗದ ನೆಲೆ ಬೆಳಕಿಗೆ ಬಂದಿರುವುದನ್ನು ಗಮನಿಸಿದರೆ, ಗಂಗರಿಗಿಂತ ಬಹುಪೂರ್ವದಲ್ಲಿಯೇ ಈ ನದೀತೀರದಲ್ಲಿ ಜನವಸತಿ ಇದ್ದುದು ಸ್ಪಷ್ಟ.

ಸುಮಾರು 1004ರಲ್ಲಿ ಚೋಳರು ತಲಕಾಡನ್ನು ಗೆದ್ದು ಅದಕ್ಕೆ ರಾಜರಾಜಪುರವೆಂದೂ, ನಾಡಿಗೆ ಮುಡಿಗೊಂಡಚೋಳಮಂಡಲವೆಂದೂ ಹೆಸರಿಟ್ಟರು. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನ ಅದನ್ನು ಗೆದ್ದು ತಲಕಾಡುಗೊಂಡನೆನಿಸಿದ. ಚೋಳರಿಟ್ಟ ಹೆಸರುಗಳು ಬಳಕೆಯಲ್ಲಿ ನಿಲ್ಲಲಿಲ್ಲ. ಗಂಗವಾಡಿಯೆಂಬ ಆಡಳಿತ ವಿಭಾಗವೂ ಕಾಲಕ್ರಮದಲ್ಲಿ ಮರೆಯಾಯಿತು. ಜನನಾಮ ಮಾತ್ರ ಉಳಿಯಿತು. ಕುತೂಹಲದ ಸಂಗತಿಯೆಂದರೆ, ಇದೇ ಸೀಮೆಯಲ್ಲಿ ಹಾಡುವ ಮಂಟೇಸ್ವಾಮಿ, ಮಲೆಮಹದೇಶ್ವರ ಕಾವ್ಯಗಳ ಕಥಾನಾಯಕರು ಗಂಗದೊರೆಗಳಲ್ಲ. ತಲಕಾಡಿನ ಬಗೆಗೂ ಜನಪದರು ಇಂದಿಗೂ ಹೇಳುವುದು ಗಂಗರ ಕಥೆಯನ್ನಲ್ಲ, ಅಲಮೇಲಮ್ಮನ ಶಾಪದ ಕಥೆಯನ್ನು.