ಉಳಿದದ್ದಕ್ಕೂ ಲೆಕ್ಕವಿರಲಿ



ಧರ್ಮವೆಂದರೆ ಮಠದಲ್ಲಿ, ಗುಡಿಯಲ್ಲಿ, ಜಾತ್ರೆಯ ಚಪ್ಪರದಲ್ಲಿ ನಡೆಯುವಂಥದ್ದು ಎಂಬ ಭಾವನೆ ಅನೇಕರಲ್ಲಿದೆ. ಆದರೆ ಗೃಹಸ್ಥನ ಧರ್ಮ ಮೊದಲು ಪರೀಕ್ಷೆಗೆ ಒಳಗಾಗುವುದು ಅವನ ಅಡುಗೆಮನೆಯಲ್ಲಿ. ಅಕ್ಕಿಯ ಡಬ್ಬಿ, ಉದ್ರಿ ಅಂಗಡಿಯ ಚೀಟಿ, ರಾತ್ರಿ ಉಳಿದ ಅನ್ನದ ಪಾತ್ರೆ, ಈ ಮೂರನ್ನು ನೋಡಿದರೆ ಸಾಕು, ಆ ಮನೆಯ ಸಂಸ್ಕಾರ ತಿಳಿದುಬಿಡುತ್ತದೆ. ಆದ್ದರಿಂದ ಇಂದು ನಾವು ಷಟ್‍ಸ್ಥಲದ ಮಾತನ್ನು ಬದಿಗಿಟ್ಟು ತಂಗಳನ್ನದ ಮಾತನ್ನು ಆಡಲಿದ್ದೇವೆ. ಇದು ಸಣ್ಣ ವಿಷಯವೆಂದು ಯಾರೂ ನಗಬಾರದು.

ಕೆಲವು ವರ್ಷಗಳ ಹಿಂದೆ ಭದ್ರಾವತಿಯ ಭಕ್ತರೊಬ್ಬರ ಮನೆಗೆ ಪಾದಪೂಜೆಗೆ ಹೋಗಿದ್ದೆವು. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. 1923ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿತು. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಇನ್ನಷ್ಟು ಮನೆಗಳ ಒಲೆ ಹೊತ್ತಿಸಿತು. ಆ ಕಾಗದದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತುಹೋಯಿತು. ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಅದೇ ವರ್ಷ ಅದರ ಒಂದು ಭಾಗ ಮತ್ತೆ ಕೆಲಸ ಆರಂಭಿಸಿತಾದರೂ ಊರಿನ ಹಳೆಯ ನಿಶ್ಚಿಂತೆ ಮರಳಿ ಬರಲಿಲ್ಲ.

ನಾವು ಹೋದ ಮನೆಯ ಯಜಮಾನ ಕಾಗದದ ಕಾರ್ಖಾನೆಯಲ್ಲಿ ದುಡಿದವರು. ಸಂಬಳ ನಿಂತ ಮೇಲೂ ಆ ಮನೆ ಸಾಲಕ್ಕೆ ಬೀಳದೆ ನಿಂತಿತ್ತು. ಹೇಗೆಂದು ಕೇಳಿದಾಗ ಮನೆಯ ತಾಯಿ ಒಂದು ನೋಟುಪುಸ್ತಕ ತಂದು ನಮ್ಮ ಮುಂದಿಟ್ಟರು. ಬಂದ ಹಣವನ್ನು ಐದು ಡಬ್ಬಿಗಳಿಗೆ ಹಂಚಿದ್ದರು. ಅಕ್ಕಿಬೇಳೆಗೆ ಒಂದು, ಮಕ್ಕಳ ಓದಿಗೆ ಒಂದು, ಔಷಧಿಗೆ ಒಂದು, ಹಬ್ಬ ನೆಂಟರಿಗೆ ಒಂದು, ಆಪತ್ತಿಗೆ ಒಂದು. ಕೊತ್ತಂಬರಿ ಸೊಪ್ಪಿಗೆ ಕೊಟ್ಟ ಎರಡು ರೂಪಾಯಿ ಕೂಡ ಅಲ್ಲಿ ಬರೆದಿತ್ತು. ನಮಗೆ ಬಹಳ ಸಂತೋಷವಾಯಿತು. ಆದರೆ ಪುಟ ತಿರುವುತ್ತಾ ಹೋದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಯಜಮಾನರ ಮಾತ್ರೆ ಇದೆ, ಮಗನ ಶುಲ್ಕ ಇದೆ, ಮೊಮ್ಮಗುವಿನ ಹಾಲು ಇದೆ. ಆ ತಾಯಿಯ ಹೆಸರಿನಲ್ಲಿ ಒಂದು ಕಾಸಿನ ಖರ್ಚೂ ಇಲ್ಲ. ಒಡೆದ ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು.

"ತಾಯಿ, ನಿಮ್ಮ ಲೆಕ್ಕದಲ್ಲಿ ನೀವೇ ಇಲ್ಲವಲ್ಲ?" ಎಂದೆವು.

"ನನಗೇನು ಬುದ್ಧಿ, ಎಲ್ಲರದಾದ ಮೇಲೆ ಉಳಿದದ್ದು ಸಾಕು" ಎಂದರು.

ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ಅವರು ಹೇಳಿದ್ದು ಹಣದ ವಿಷಯ ಮಾತ್ರವಲ್ಲ. ನಿನ್ನೆಯ ಸಾರು, ಮೊನ್ನೆಯ ಪಲ್ಯ, ತಳ ಹಿಡಿದ ಅನ್ನ ನಮ್ಮ ಮನೆಗಳಲ್ಲಿ ಯಾರ ತಟ್ಟೆಗೆ ಹೋಗುತ್ತವೆ? ಗಂಡಸರು ಬಿಸಿ ಊಟ ಮಾಡಿ ಏಳುತ್ತಾರೆ. ತಾಯಿ, ಸೊಸೆ, ಅಂಗಳ ಗುಡಿಸಲು ಬರುವ ಆಳು, ಇವರ ಪಾಲಿಗೆ ತಂಗಳು. ಒಬ್ಬರ ಹೊಟ್ಟೆಯ ಮೇಲೆ ಮಾಡಿದ ಉಳಿತಾಯ ಉಳಿತಾಯವಲ್ಲ.

ಕಲ್ಯಾಣದ ಶರಣರಲ್ಲಿ ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆಲ್ಲ ಗೊತ್ತಿರುವುದೇ. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುವುದು ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ. ನಮಗೆ ಬೇಕಾದಷ್ಟೇ ಸಾಕು, ಮಿಕ್ಕಿದ್ದನ್ನು ಇದ್ದಲ್ಲಿಗೇ ಹಾಕಿ ಬನ್ನಿ ಎಂದು ಹಿಂದಕ್ಕೆ ಕಳಿಸಿದಳು. ಬಡತನದಲ್ಲಿಯೂ ಅಳತೆಯನ್ನು ಬಿಡದ ಆ ತಾಯಿಯೇ ನಿಜವಾದ ಗೃಹಲಕ್ಷ್ಮಿ. ಆಕೆ ನೋಡಿದ್ದು ಅನ್ನ ಉಳಿದ ಮೇಲಿನ ಲೆಕ್ಕವನ್ನಲ್ಲ, ಉಳಿಯುವ ಮೊದಲಿನ ಲೆಕ್ಕವನ್ನು.

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಒಂದು ವರ್ಷ ಶ್ರೀಮಠದ ಜಾತ್ರೆಯಲ್ಲಿ ಮಳೆಯ ಕಾರಣ ಭಕ್ತರು ಕಡಿಮೆ ಬಂದರು. ಕೊಪ್ಪರಿಗೆಗಟ್ಟಲೆ ಅನ್ನ ಉಳಿಯಿತು. ಪ್ರಸಾದವನ್ನು ಚೆಲ್ಲಬಾರದೆಂದು ರಾತ್ರಿಯಿಡೀ ಮುಚ್ಚಿಟ್ಟು, ಮರುದಿನ ಹಬೆಯಾಡುವಂತೆ ಬಿಸಿಮಾಡಿಸಿ, ಪಾತ್ರೆ ತೊಳೆಯುವವರಿಗೆ, ಚಪ್ಪರ ಬಿಚ್ಚುವವರಿಗೆ ಬಡಿಸಿದರು. ನಾವೇ ಅಪ್ಪಣೆ ಕೊಟ್ಟಿದ್ದೆವು. ಮಧ್ಯಾಹ್ನದೊಳಗೆ ಹಲವರಿಗೆ ವಾಂತಿ ಶುರುವಾಯಿತು. ಎಲ್ಲರೂ ಗುಣವಾದರು, ಅದು ಶಿವನ ಕರುಣೆ. ಆದರೆ ಆ ದಿನ ನಾವು ಬೇರೆ ಬಿಸಿ ಪ್ರಸಾದ ಸ್ವೀಕರಿಸಿದ್ದೆವು ಎಂಬುದನ್ನು ಇಂದಿಗೂ ಮರೆತಿಲ್ಲ. ಮಿಕ್ಕಿದ್ದನ್ನು ಕೊಡುವುದು ದಾಸೋಹವಲ್ಲ. ತಾನು ಉಣ್ಣುವಂಥದ್ದನ್ನು ಕೊಡುವುದು ದಾಸೋಹ.

"ಚೆನ್ನಾಗಿ ಬಿಸಿ ಮಾಡಿದ್ದೆವಲ್ಲ" ಎಂದು ವೈದ್ಯರನ್ನು ಕೇಳಿದೆವು. ಅವರು ತಿಳಿಸಿದ ಸಂಗತಿ ಪ್ರತಿಯೊಂದು ಮನೆಗೂ ತಿಳಿದಿರಬೇಕು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳಿರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಬೆಂದ ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಅವು ಮೊಳೆತು ಬೆಳೆದು ವಿಷ ಬಿಡುತ್ತವೆ. ಆ ವಿಷ ಒಮ್ಮೆ ಸೇರಿತೆಂದರೆ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆ ಬಂದಿಲ್ಲ, ಹಳಸಿಲ್ಲ ಎಂಬುದೂ ಭರವಸೆಯಲ್ಲ. ದೊಡ್ಡ ಪಾತ್ರೆಯ ನಡುವಿನ ಅನ್ನ ಬೇಗ ಆರುವುದಿಲ್ಲವಾದ್ದರಿಂದ ಅಲ್ಲಿಯೇ ಅಪಾಯ ಹೆಚ್ಚು.

ಆದ್ದರಿಂದ ತಾಯಂದಿರಿಗೆ, ಅವರಿಗಿಂತ ಮುಖ್ಯವಾಗಿ ಯಜಮಾನರಿಗೆ ನಮ್ಮ ಸೂಚನೆ ಇಷ್ಟು. ಅಕ್ಕಿ ಅಳೆಯುವ ಮೊದಲು ರಾತ್ರಿ ಊಟಕ್ಕೆ ಎಷ್ಟು ಜನ ಎಂದು ಹೇಳಿಬಿಡಿ. ಹೊರಗೆ ಉಂಡು ಬರುವವರು ಮುಂಚೆಯೇ ತಿಳಿಸಿ. ಉಳಿದ ಅನ್ನವನ್ನು ಒಲೆಯ ಮೇಲೆ ಬಿಡದೆ ಅಗಲವಾದ ಪಾತ್ರೆಗೆ ತೆಳ್ಳಗೆ ಹರಡಿ, ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಫ್ರಿಜ್ಜಿನ ಒಳಗೆ 5 ಡಿಗ್ರಿಗಿಂತ ಕಡಿಮೆ ಇರಬೇಕು. ಅನ್ನವನ್ನು ಮರುದಿನದೊಳಗೆ ಮುಗಿಸಿ; ಸಾರು, ಪಲ್ಯವನ್ನು ಎರಡು ಮೂರು ದಿನದೊಳಗೆ. ಬೇಕಾದಷ್ಟನ್ನು ಮಾತ್ರ ತೆಗೆದು, ಒಂದೇ ಸಲ, ನಡುಭಾಗವೂ ಹಬೆಯಾಡುವಂತೆ ಬಿಸಿ ಮಾಡಿ. ಸಾರು ಕೊತಕೊತ ಕುದಿಯಬೇಕು. ಬಿಸಿ ಮಾಡುವುದು, ಮತ್ತೆ ಇಡುವುದು, ಮತ್ತೆ ಬಿಸಿ ಮಾಡುವುದು ಬೇಡ. ಮಲೆನಾಡಿನ ಮಳೆಗಾಲದಲ್ಲಿ ನಾಲ್ಕು ಗಂಟೆಗೂ ಹೆಚ್ಚು ಕರೆಂಟು ಹೋದರೆ ಫ್ರಿಜ್ಜಿನಲ್ಲಿಟ್ಟ ಅಡುಗೆಯನ್ನು ನಂಬಬೇಡಿ. ಹುಳಿ, ಮಜ್ಜಿಗೆಯಂಥದ್ದನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಇಡಬೇಡಿ. ಫ್ರಿಜ್ಜು ಇಲ್ಲದ ಮನೆಯವರು ಅಳೆದು ಬೇಯಿಸಿ, ಹೊತ್ತಿನದನ್ನು ಹೊತ್ತಿಗೇ ಮುಗಿಸುವುದೇ ಕ್ಷೇಮ. ಚಿತ್ರಾನ್ನ, ಅನ್ನ ಕಲಸಿದ ಅಕ್ಕಿರೊಟ್ಟಿ ನಮ್ಮ ಹಿರಿಯರ ಜಾಣತನ, ಸರಿ. ಆದರೆ ಸರಿಯಾಗಿ ಇಟ್ಟ ಅನ್ನದಿಂದ ಮಾತ್ರ ಮಾಡಿ.

"ಬುದ್ಧಿ, ಪ್ರಸಾದವನ್ನು ಚೆಲ್ಲಿದರೆ ಪಾಪವಲ್ಲವೇ?" ಎಂದು ಹಿರಿಯರು ಕೇಳುತ್ತಾರೆ. ಪ್ರಸಾದ ಅಷ್ಟಾವರಣಗಳಲ್ಲಿ ಒಂದು, ಅದರ ಒಂದು ಅಗುಳೂ ವ್ಯರ್ಥವಾಗಬಾರದು ಎಂಬುದು ನಿಜ. ಆದರೆ ಆ ನೇಮ ಬಡಿಸಿಕೊಳ್ಳುವಾಗಲೇ ಆರಂಭವಾಗಬೇಕು. ತಟ್ಟೆಗೆ ಬೇಕಾದಷ್ಟೇ ಹಾಕಿಸಿಕೊಳ್ಳುವವನಿಗೆ ಚೆಲ್ಲುವ ಪ್ರಶ್ನೆಯೇ ಏಳುವುದಿಲ್ಲ. ಇಷ್ಟಲಿಂಗವನ್ನು ಧರಿಸಿದ ಈ ದೇಹ ಶಿವನ ಆಲಯ. ಕೆಟ್ಟ ಅನ್ನವನ್ನು ಅದಕ್ಕೆ ತುಂಬುವುದು ಭಕ್ತಿಯಾಗಲಾರದು. ಕೆಟ್ಟದ್ದನ್ನು ಗೊಬ್ಬರದ ಗುಂಡಿಗೆ ಹಾಕಿ, ಅಂದು ಎಷ್ಟು ಅಕ್ಕಿ ಹೆಚ್ಚಾಯಿತೆಂದು ನೆನಪಿಟ್ಟುಕೊಳ್ಳಿ. ಮರುದಿನ ಅಷ್ಟು ಕಡಿಮೆ ಅಳೆಯುವುದೇ ಅದಕ್ಕೆ ಪ್ರಾಯಶ್ಚಿತ್ತ.

ಅನ್ನಕ್ಕೆ ಹೇಳಿದ ಮಾತೇ ಹಣಕ್ಕೂ ಸಲ್ಲುತ್ತದೆ. ಶಿವಮೊಗ್ಗೆಯಲ್ಲಿ ಕೆಳದಿಯ ಶಿವಪ್ಪನಾಯಕನ ಹೆಸರಿನ ಅರಮನೆಯನ್ನು ನೀವು ನೋಡಿರುತ್ತೀರಿ. ಆತನ ಭೂಕಂದಾಯದ ಪದ್ಧತಿ 'ಶಿವಪ್ಪನಾಯಕನ ಶಿಸ್ತು' ಎಂದೇ ಪ್ರಸಿದ್ಧ. ಭೂಮಿಯನ್ನು ಐದು ತರಗಳಾಗಿ ವಿಂಗಡಿಸಿ, ಹನ್ನೆರಡು ವರ್ಷ ಬೆಳೆಯನ್ನು ನೋಡಿ, ಅದರ ಸರಾಸರಿಯ ಮೇಲೆ ಕಂದಾಯ ಗೊತ್ತುಮಾಡಿದನೆಂದು ಹೇಳುತ್ತಾರೆ. ಅರಸನೇ ಒಂದು ವರ್ಷದ ಸುಗ್ಗಿಯನ್ನು ನಂಬಲಿಲ್ಲ. ನಾವೋ, ಅಡಿಕೆಗೆ ಒಂದು ವರ್ಷ ಧಾರಣೆ ಏರಿದೊಡನೆ ಮದುವೆಯ ಚಪ್ಪರವನ್ನು ಎರಡರಷ್ಟು ದೊಡ್ಡದು ಮಾಡುತ್ತೇವೆ. ಮರುವರ್ಷ ಧಾರಣೆ ಇಳಿದಾಗ ಸಾಲಗಾರನ ಬಾಗಿಲು ತಟ್ಟುತ್ತೇವೆ. ತೆರೆದಿಟ್ಟ ಅನ್ನ ಹೇಗೆ ಕೆಡುತ್ತದೆಯೋ, ಗೊತ್ತುಗುರಿಯಿಲ್ಲದೆ ಕೈಯಲ್ಲಿಟ್ಟ ಹಣವೂ ಹಾಗೆಯೇ ಕೆಡುತ್ತದೆ. ಬಂದ ದಿನವೇ ಅದನ್ನು ಡಬ್ಬಿಗೆ ಹಂಚಬೇಕು.

ಕೊನೆಗೆ ಆ ಭದ್ರಾವತಿಯ ಮನೆಯ ಮಾತು. ಅಂದು ನಮಗೆ ಪಾದಕಾಣಿಕೆಯೆಂದು ಇಟ್ಟ ಹಣವನ್ನು ನಾವು ಮುಟ್ಟಲಿಲ್ಲ. "ಆರನೆಯ ಡಬ್ಬಿಯೊಂದನ್ನು ತನ್ನಿ, ಇದನ್ನು ಅದಕ್ಕೆ ಹಾಕಿ, ಅದರ ಮೇಲೆ ನಿಮ್ಮ ಹೆಸರು ಬರೆಯಿರಿ" ಎಂದೆವು. ಯಜಮಾನರು ತಲೆ ತಗ್ಗಿಸಿದರು. ಮುಂದಿನ ಜಾತ್ರೆಗೆ ಆ ತಾಯಿ ಹೊಸ ಕನ್ನಡಕ ಹಾಕಿಕೊಂಡು ಬಂದಿದ್ದರು.

ಈ ಅಂಕಣ ಓದಿದ ಹಿರಿಯರು ಇಂದು ರಾತ್ರಿ ಒಂದು ಕೆಲಸ ಮಾಡಿ. ಊಟಕ್ಕೆ ಕುಳಿತಾಗ ಮನೆಯ ತಾಯಿಯ ತಟ್ಟೆಯನ್ನೊಮ್ಮೆ ನೋಡಿ. ಅಲ್ಲಿ ತಂಗಳಿದ್ದರೆ ಅದನ್ನು ಎಲ್ಲರೂ ಹಂಚಿಕೊಳ್ಳಿ, ಬಿಸಿಯಿದ್ದರೆ ಅದನ್ನೂ ಹಂಚಿಕೊಳ್ಳಿ. ಅಳತೆಯ ಮನೆಯಲ್ಲಿ ಶಿವನಿದ್ದಾನೆ. ಸರ್ವರಿಗೂ ಸನ್ಮಂಗಳವಾಗಲಿ.