ಉಸಿರು ಎಣಿಸುವ ಪಾದ್ರಿಗಳು



ನಮ್ಮ ಗುಮ್ಮಘಟ್ಟದ ಸೀಮೆಯಿಂದ ಮೊಳಕಾಲ್ಮೂರಿನ ಕಡೆ ಹೊರಟರೆ ಬ್ರಹ್ಮಗಿರಿ ಸಿಗುತ್ತದೆ. ಅಲ್ಲಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಇನ್ನೊಂದು ದಿಕ್ಕಿಗೆ ಬಳ್ಳಾರಿ. 1953ರ ತನಕ ನಮ್ಮ ರಾಯದುರ್ಗವೂ ಅದೇ ಜಿಲ್ಲೆಯಲ್ಲಿತ್ತಲ್ಲ! ಆ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. ಹೀಗಾಗಿ ಬುದ್ಧನೂ ಏಸುವೂ ನಮಗೆ ದೂರದವರಲ್ಲ. ಆದರೆ ಇಬ್ಬರ ಕಡೆಯ ಸನ್ಯಾಸಿಗಳೂ ಒಟ್ಟಿಗೆ ಕೂತು ಧ್ಯಾನದ ವಿಚಾರ ಮಾತಾಡತೊಡಗಿದ್ದು ಈಚಿನ ಸಂಗತಿ.

ಥಾಮಸ್ ಮರ್ಟನ್ ಎಂಬ ಅಮೆರಿಕದ ಕ್ರೈಸ್ತ ಸನ್ಯಾಸಿ 1968ರ ನವೆಂಬರಿನಲ್ಲಿ ಧರ್ಮಶಾಲೆಗೆ ಹೋಗಿ ದಲೈ ಲಾಮಾ ಅವರನ್ನು ಮೂರು ಸಲ ಕಂಡರು. ಮರುತಿಂಗಳೇ ಬ್ಯಾಂಕಾಕಿನಲ್ಲಿ ಸನ್ಯಾಸಿಗಳ ಸಭೆಗೆಂದು ಹೋದವರು ಅಲ್ಲಿಯೇ ತೀರಿಕೊಂಡರು. ಅಂಥದೇ ಮುಂದಿನ ಸಭೆ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, 1973ರಲ್ಲಿ. ಕೊಡೈಕನಾಲ್ ಹತ್ತಿರದ ಪೆರುಮಾಳಮಲೈಯಲ್ಲಿ 'ಬೋಧಿ ಝೆಂಡೊ' ಎಂಬ ಧ್ಯಾನಮಂದಿರ 1996ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ ಫಾದರ್ ಎ.ಎಂ.ಎ. ಸಾಮಿ ಜೆಸ್ವಿಟ್ ಪಾದ್ರಿ. ಜಪಾನಿನ ಯಮಾದಾ ಕೋಉನ್ ಎಂಬ ಗುರುಗಳಲ್ಲಿ ಝೆನ್ ಕಲಿತವರು.

ಕಲಿಯುವುದಾದರೂ ಏನು? ಬೆನ್ನು ನೆಟ್ಟಗೆ ಮಾಡಿ ಕೂತು, ಉಸಿರನ್ನು ಒಂದರಿಂದ ಹತ್ತರ ತನಕ ಎಣಿಸುವುದು. ನಡುವೆ ಮನಸ್ಸು ಹೊಲಕ್ಕೋ ಸಾಲಕ್ಕೋ ಹೋಯಿತೆಂದರೆ ಮತ್ತೆ ಒಂದರಿಂದ ಶುರು. ಬ್ಯಾಂಕಿನಲ್ಲಿ ನೋಟಿನ ಕಟ್ಟು ಎಣಿಸುವವರಿಗೆ ಈ ಶಿಸ್ತು ಚೆನ್ನಾಗಿ ಗೊತ್ತು. ಮಧ್ಯೆ ಯಾರಾದರೂ ಮಾತಾಡಿಸಿದರೆ ಮೊದಲಿನಿಂದಲೇ ಎಣಿಸಬೇಕು. ಬೌದ್ಧರು ಉಸಿರಿನ ಮೇಲಿನ ಈ ಎಚ್ಚರವನ್ನು 'ಆನಾಪಾನಸತಿ' ಎನ್ನುತ್ತಾರೆ.

ಚರ್ಚಿಗೆ ಹೋಗುವ ಪರಿಚಯಸ್ಥರೊಬ್ಬರು, "ಹಿಂಗ ಉಸಿರು ನೋಡ್ಕೊಂತ ಕುಂತ್ರೆ ನಮ್ಮ ನಂಬಿಕೆ ಕೆಡಂಗಿಲ್ಲೇನ್ರಿ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಮೌನದಲ್ಲಿ ಕೂರುವುದು ಕ್ರೈಸ್ತರಿಗೆ ಹೊಸದಲ್ಲ. ನಾಲ್ಕನೆಯ ಶತಮಾನದಲ್ಲೇ ಈಜಿಪ್ಟಿನ ಮರುಭೂಮಿಯ ತಪಸ್ವಿಗಳು ಚಿಕ್ಕದೊಂದು ಪ್ರಾರ್ಥನೆಯನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ನುಡಿಯುತ್ತಿದ್ದರು. ಮುಂದೆ ಗ್ರೀಸಿನ ಕಡೆಯ ಸನ್ಯಾಸಿಗಳು ಏಸುವಿನ ಹೆಸರನ್ನು ಉಸಿರಿನ ಲಯಕ್ಕೇ ಹೊಂದಿಸಿಕೊಂಡರು. ನಮ್ಮ ಶರಣರ ಷಡಕ್ಷರಿ ಜಪ ಬಲ್ಲವರಿಗೆ ಇದು ಅಪರಿಚಿತವೆನಿಸದು.

ಹಾಗೆಂದು ಎರಡೂ ಒಂದೇ ಎಂದುಬಿಡುವುದು ಅವಸರದ ಮಾತು. ಕ್ರೈಸ್ತನ ಮೌನ ದೇವರ ಎದುರಿನ ಮೌನ. ಅಲ್ಲಿ ಕೇಳಿಸಿಕೊಳ್ಳುವವನೊಬ್ಬ ಇದ್ದಾನೆ. ಬೌದ್ಧರಲ್ಲಿ ಸೃಷ್ಟಿಕರ್ತನಾದ ದೇವರ ಮಾತೇ ಇಲ್ಲ. ದುಃಖದ ಬೇರನ್ನು ತಾನೇ ಕಂಡು ಕೀಳಬೇಕು. 1989ರಲ್ಲಿ ರೋಮಿನ ಚರ್ಚು ಈ ವಿಷಯವಾಗಿಯೇ ಒಂದು ಪತ್ರ ಹೊರಡಿಸಿತು. ಪರರ ವಿಧಾನವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಬೇಡಿ, ಉಪಯುಕ್ತವಾದುದನ್ನು ತೆಗೆದುಕೊಳ್ಳಿ, ಆದರೆ ಮೈ ಹಗುರಾದದ್ದನ್ನೇ ದೇವರ ಕೃಪೆಯೆಂದು ತಿಳಿಯಬೇಡಿ ಎಂಬುದು ಅದರ ಒಟ್ಟು ಧೋರಣೆ. ನನಗಂತೂ ಇದು ಹದವಾದ ಮಾತೆನಿಸಿತು. ಅವರಿಗೂ ಅದನ್ನೇ ಹೇಳಿದೆ. "ಹಂಗಾದ್ರೆ ಎಣಿಸೋದು ಕನ್ನಡದಾಗೋ ತೆಲುಗಿನಾಗೋ?" ಎಂದರು. ಯಾವುದರಲ್ಲಾದರೂ ಸರಿ, ಹತ್ತು ದಾಟಬಾರದು ಅಷ್ಟೆ.